ಬೀಗದ ಕೈ

ಆರನೆಯ ತರಗತಿಯ ಪ್ರಬಂಧಗಳನ್ನು ತಿದ್ದುತ್ತ ಕುಳಿತಿದ್ದೆವು. ವಿಷಯ ‘ನನ್ನ ದಿನಚರಿ’. ಧಾರಾವಿಯಿಂದ ಬರುವ ಹುಡುಗಿಯೊಬ್ಬಳು, ತಂದೆತಾಯಿಗಳಿಬ್ಬರೂ ದುಡಿಯಲು ಹೋಗುವುದರಿಂದ ಮನೆಯ ಚಾವಿಯನ್ನು ಕೊರಳಲ್ಲಿ ಹಾಕಿಕೊಂಡೇ ಶಾಲೆಗೆ ಬರುವೆನೆಂದು ಬರೆದಿದ್ದಳು. ‘ಚಾವಿ’ಯನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ, ಮೇಲೆ ‘ಬೀಗದ ಕೈ’ ಎಂದು ಬರೆದು, ಅರ್ಧ ಅಂಕವನ್ನೂ ಕಳೆದೆವು. ಶುದ್ಧ ಕನ್ನಡವನ್ನು ಕಾಪಾಡಿದ ಸಮಾಧಾನ ನಮಗೆ! ಮರುದಿನ ಆಕೆ ಪುಸ್ತಕ ಹಿಡಿದು ಮೇಜಿನ ಬಳಿ ನಿಂತಳು.

“ಸರ, ನಮ್ಮವ್ವನೂ ಚಾವಿ ಅಂತಾಳ್ರಿ. ಅಕೀದೂ ತಪ್ಪೇನ್ರಿ?”

ಉತ್ತರ ಹೊಳೆಯಲಿಲ್ಲ. ತಾಯಿಯ ಮಾತನ್ನು ತಪ್ಪೆಂದು ಹೇಳಿ ತಾಯ್ನುಡಿಯನ್ನು ಕಲಿಸುವುದೆಂತು?

ನಿಜ ಹೇಳಬೇಕೆಂದರೆ ‘ಬೀಗದ ಕೈ’ ನಮ್ಮ ತಾಯಿಯ ಮಾತೂ ಅಲ್ಲ. ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಬೀಗಕ್ಕೆ ಕೀಲಿ ಎನ್ನುತ್ತಾರೆ; ಅದನ್ನು ತೆರೆಯುವುದು ಕೀಲಿಕೈ. ಬೀಗವನ್ನು ನಾವು ಕಂಡದ್ದು ಪಠ್ಯಪುಸ್ತಕದಲ್ಲಿ. ಕೀಲಿಯಾದರೂ ಅಚ್ಚಗನ್ನಡವೇ? ಗೂಟ, ಅಗುಳಿ ಎಂಬರ್ಥದ ಸಂಸ್ಕೃತ ‘ಕೀಲ’ದ ಬಳಗದ್ದು ಅದು. ಮರಾಠಿಯ ಕಿಲ್ಲಿಯೂ ಅದೇ ಮನೆತನದ ಕೂಸು. ವಿನೋದವೆಂದರೆ, ನಮ್ಮ ಕೀಲಿ ಬಾಗಿಲನ್ನು ಮುಚ್ಚುತ್ತದೆ, ಅವರ ಕಿಲ್ಲಿ ತೆರೆಯುತ್ತದೆ! ಮುಂಬಯಿಗೆ ಬಂದ ಹೊಸತರಲ್ಲಿ ಚಾಳಿನ ನೆರೆಮನೆಯ ಅಜ್ಜಿ ಕಿಲ್ಲಿ ಕೇಳಿದಾಗ ಬೀಗವನ್ನೇ ಒಯ್ದು ಕೊಟ್ಟು ನಗೆಗೀಡಾಗಿದ್ದೆವು. ಮರಾಠಿಗರ ಬೀಗ ‘ಕುಲೂಪ’; ಅದು ಅರಬ್ಬಿಯ ‘ಕುಫ್ಲ್’ನಿಂದ ಬಂದುದು.

ಚಾವಿಯ ಪಯಣ ಇನ್ನೂ ದೀರ್ಘವಾದುದು. ಪೋರ್ಚುಗೀಸರ ‘ಚಾವೆ’ ಅದು; ಅದರ ಹಿಂದೆ ಲ್ಯಾಟಿನ್ನಿನ ‘ಕ್ಲಾವಿಸ್’. 1498ರಲ್ಲಿ ಕಲ್ಲಿಕೋಟೆಯ ಕಡೆ ಬಂದಿಳಿದ ಆ ಜನ 1510ರಲ್ಲಿ ಗೋವೆಯನ್ನು ಗೆದ್ದರು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಶಹನಿಂದ ವಸಯಿಯನ್ನೂ ಈ ನಮ್ಮ ಮುಂಬಯಿಯ ದ್ವೀಪಗಳನ್ನೂ ಪಡೆದರು. 1661ರಲ್ಲಿ ತಮ್ಮ ರಾಜಕುಮಾರಿ ಕ್ಯಾಥರೀನಳ ವಿವಾಹದ ಒಪ್ಪಂದದಲ್ಲಿ ಮುಂಬಯಿಯನ್ನು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ವರದಕ್ಷಿಣೆಯಾಗಿ ಬರೆದುಕೊಟ್ಟರು. ಊರು ಕೈಬಿಟ್ಟಿತು, ಚಾವಿ ಇಲ್ಲಿಯೇ ಉಳಿಯಿತು! ಬಟಾಟೆ, ಅಲಮಾರು, ಪಗಾರಗಳೂ ಅದೇ ಹಡಗಿನವು. ತಿಂಗಳ ಮೊದಲಲ್ಲಿ ಪಗಾರವನ್ನು ನಾವು ಸಂತೋಷದಿಂದಲೇ ಎಣಿಸಿಕೊಳ್ಳುತ್ತೇವೆ. ಆಗ ಕೆಂಪು ಶಾಯಿಯ ನೆನಪಾಗುವುದಿಲ್ಲ.

ಹಾಗೆಂದು ಬೀಗದ ಕೈಯನ್ನು ಬಿಟ್ಟುಕೊಡಲಾದೀತೇ? ಆ ಕಬ್ಬಿಣದ ತುಂಡನ್ನು ‘ಕೈ’ ಎಂದು ಕರೆದ ಹಿರಿಯರ ನೋಟ ಎಷ್ಟು ಚೆಲುವಾದುದು! ಇನ್ನು ಬೀಗರು, ಬೀಗುವುದು ಎಂಬ ಮಾತುಗಳೂ ನಮ್ಮಲ್ಲಿವೆ. ಮದುವೆಯ ಮನೆಯಲ್ಲಿ ಬೀಗರು ಬೀಗುವುದನ್ನು ಕಂಡವರು ಇವಕ್ಕೆ ನಂಟು ಕಟ್ಟಿ ನಗುವುದುಂಟು, ನಿಘಂಟು ಒಪ್ಪಬೇಕಲ್ಲ!

ಇದನ್ನೆಲ್ಲ ತರಗತಿಯಲ್ಲಿ ಹೇಳಿ, ಆಕೆಯ ಅರ್ಧ ಅಂಕವನ್ನು ಮರಳಿ ಕೊಟ್ಟೆವು. ಮೇಲೆ ಬರೆದಿದ್ದ ‘ಬೀಗದ ಕೈ’ಯನ್ನು ಹೊಡೆದುಹಾಕಲು ಲೇಖನಿ ಎತ್ತಿದಾಗ ಆಕೆ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು.

“ಅದೂ ಇರ್ಲಿರಿ ಸರ. ನಮ್ಮವ್ವಗ ತೋರಸ್ತೀನಿ.”