ಹಳೆಯ ದೋಣಿಗೆ ಹೊಸ ಪೀಠ

ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹರಪನಹಳ್ಳಿ, ಹಡಗಲಿಗಳ ಮಾರ್ಗವಾಗಿ ಹಗರಿಬೊಮ್ಮನಹಳ್ಳಿಗೆ ಬರುವವರಿಗೆ ದಾರಿಯಲ್ಲಿ ಹೆಚ್ಚಾಗಿ ಕಾಣುವುವು ಜೋಳ, ಶೇಂಗಾಗಳ ಹೊಲಗಳು. ಮಳೆಗಾಗಿ ಕಾದಿರುವ ಕೆರೆಗಳು. ಇಂಥ ಬಯಲುಸೀಮೆಯಲ್ಲಿ ದೋಣಿಯ ಮಾತೇಕೆಂದು ವಾಚಕರು ಕೇಳಬಹುದು. ಆದರೆ ಹರಪನಹಳ್ಳಿ, ಹಡಗಲಿಗಳ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆಯು ಹರಿಯುತ್ತಾಳೆ. ೧೯೫೩ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟು ಮುಗಿದ ಮೇಲೆ ಆಕೆಯ ಹಿನ್ನೀರು ಹಗರಿಬೊಮ್ಮನಹಳ್ಳಿಯ ಸೀಮೆಗೂ ಹರಡಿತು.

ಈ ನದಿಯ ಪುರಾತನ ವಾಹನವೆಂದರೆ ಹರಿಗೋಲು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಯಾತ್ರಿಕನಾದ ಪೇಸನು, ಬುಟ್ಟಿಯಂತೆ ದುಂಡಾಗಿ ಹೆಣೆದು ಹೊರಗೆ ಚರ್ಮ ಹೊದಿಸಿದ ಈ ದೋಣಿಯನ್ನು ಆನೆಗೊಂದಿಯ ಕಡವಿನಲ್ಲಿ ಕಂಡು ವರ್ಣಿಸಿರುವನು. ಹದಿನೈದಿಪ್ಪತ್ತು ಜನರು ಅದರಲ್ಲಿ ದಾಟುತ್ತಿದ್ದರಂತೆ. ಹರಿಗೋಲಿನಲ್ಲಿ ಪೀಠವೆಂಬುದಿಲ್ಲ, ಎಲ್ಲರೂ ತಳದಲ್ಲಿಯೇ ಕೂಡಬೇಕು. ಭಾರವು ಕೆಳಗಿರುವುದರಿಂದಲೇ ಅದಕ್ಕೆ ಸ್ಥಿರತೆ.

ನಾವು ಹಿನ್ನೀರಿನ ದಡದಲ್ಲಿ ಕಂಡದ್ದು ಬೇರೊಂದು ಬಗೆಯದು: ಫೈಬರಿನ ಹಳೆಯದೊಂದು ಪುಟ್ಟ ಮೋಟಾರು ದೋಣಿ. ಸಂಸ್ಕೃತದಲ್ಲಿ ಚುಕ್ಕಾಣಿಗೆ ಕರ್ಣವೆಂದೂ ಅದನ್ನು ಹಿಡಿದವನಿಗೆ ಕರ್ಣಧಾರನೆಂದೂ ಹೆಸರುಂಟು. ಈ ದೋಣಿಯ ಕರ್ಣಧಾರನ ಮಗನು, ಬಲಮಗ್ಗುಲಲ್ಲಿದ್ದ ಚುಕ್ಕಾಣಿ ಚಕ್ರದ ಪೆಟ್ಟಿಗೆಯನ್ನು ನಡುವಿಗೆ ತಂದು, ಹಲಗೆಗಳ ಬದಲು ಎತ್ತರವಾದ ಮೆತ್ತೆಯ ಪೀಠಗಳನ್ನು ಕೂಡಿಸಬೇಕೆಂದಿದ್ದನು. ಮುಂದಿನ ನೀರು ಚೆನ್ನಾಗಿ ಕಾಣುವುದು, ಬಂದವರ ಬಟ್ಟೆ ನೆನೆಯದು ಎಂಬುದು ಅವನ ವಾದ.

ತಂದೆಯು ಒಪ್ಪಲಿಲ್ಲ. “ತಮ್ಮಾ, ಮಂದೀನ ಎತ್ತರಕ್ಕ ಕುಂಡ್ರಿಸಿದ್ರ ಗಾಳಿ ಬಂದಾಗ ದೋಣಿ ವಾಲ್ತೈತಿ” ಎಂದನು. ಅವನ ಮಾತು ಸತ್ಯವಾದುದು. ಭಾರವು ಮೇಲೇರಿದಷ್ಟೂ ದೋಣಿಯು ಹೊರಳುವ ಸಂಭವವು ಹೆಚ್ಚುವುದು. ಯಂತ್ರದ ತೂಕವು ಮೊದಲೇ ಹಿಂದಿರುವಾಗ ಚಾಲಕ, ಬ್ಯಾಟರಿ, ಎಣ್ಣೆಯ ಡಬ್ಬಿಗಳೂ ಅಲ್ಲಿಯೇ ಸೇರಿದರೆ ಮೂತಿ ಮೇಲೆದ್ದು ದಾರಿ ಮರೆಯಾಗುವುದು. ಹಿಂಬದಿಯು ತಗ್ಗಿ ಅಲೆಯ ನೀರು ಒಳನುಗ್ಗುವುದು.

ಹಳೆಯ ದೋಣಿಯಲ್ಲಿ ಇನ್ನೊಂದು ಅಪಾಯವುಂಟು. ಫೈಬರಿನ ಒಳಗೆ ಪ್ಲೈವುಡ್ ಇದ್ದರೆ, ಮೊಳೆತಿರುಪಿನ ಹಳೆಯ ತೂತುಗಳಿಂದ ನೀರಿಳಿದು ಅದು ಕೊಳೆತಿರಬಹುದು. ಹೊರಗೆ ಮಾತ್ರ ಬಣ್ಣವು ಮಿರುಗುತ್ತಿರುವುದು. ಬೆರಳ ಗೆಣ್ಣಿನಿಂದ ತಟ್ಟಿದಲ್ಲಿ ಮಂದವಾದ ಸದ್ದು ಬಂದರೆ ಶಂಕಿಸಬೇಕು. ಗಟ್ಟಿಯಾದ ಜಾಗದಲ್ಲಿಯೂ ಬರಿಯ ತಿರುಪು ಸಾಲದು. ಆರಪಾರ ಬೋಲ್ಟು ಹಾಕಿ, ಅಡಿಯಲ್ಲಿ ಅಗಲವಾದ ತಗಡು ಕೊಟ್ಟು, ತೂತನ್ನು ನೀರಿಳಿಯದಂತೆ ಮುಚ್ಚಬೇಕು. ಚಕ್ರದ ಜಾಗ ಬದಲಾದರೆ ಅದರ ತಂತಿಯ ಉದ್ದವೂ ಬದಲಾಗಬೇಕು. ಬಿರುಸಾಗಿ ಬಾಗಿದ ತಂತಿಯು ಹೊಳೆಯ ನಡುವೆ ಬಿಗಿದುಕೊಳ್ಳಬಹುದು.

ಕೊನೆಗೆ ತಂದೆಮಕ್ಕಳು ಒಂದು ನಿಶ್ಚಯಕ್ಕೆ ಬಂದರು. ಪೆಟ್ಟಿಗೆಯು ನಡುವಿಗೆ ಬರುವುದು. ಪೀಠಗಳು ಹಳೆಯ ಹಲಗೆಗಳ ಎತ್ತರವನ್ನು ಮೀರವು. “ಮೊದ್ಲು ಉಸುಕಿನ ಚೀಲ ಕುಂಡ್ರಿಸ್ತೀವ್ರಿ ಮೇಷ್ಟ್ರೇ, ಆಮ್ಯಾಲೆ ಮಂದೀನ” ಎಂದು ಮಗನು ನಕ್ಕನು. ಚೀಲಗಳನ್ನು ಒಂದೇ ಮಗ್ಗುಲಿಗೆ ಸರಿಸಿ, ಅಂಚು ನೀರಿನಿಂದ ಎಷ್ಟು ಮೇಲುಳಿಯುವುದೆಂದು ದಡದ ಬಳಿಯೇ ನೋಡುವ ಪರೀಕ್ಷೆಯಿದು.

೧೯೧೭ರ ಕಾಯಿದೆಯ ಬದಲು ೨೦೨೧ರಲ್ಲಿ ಬಂದ ಒಳನಾಡು ಹಡಗುಗಳ ಕಾಯಿದೆಯು ಯಂತ್ರದ ದೋಣಿಗಳಿಗೆ ತಪಾಸಣೆ, ನೋಂದಣಿಗಳನ್ನು ವಿಧಿಸಿದೆ. ಆದರೂ ಮಕ್ಕಳೊಡನೆ ದೋಣಿಯೇರುವ ಗೃಹಸ್ಥರು ಪೀಠದ ಮೆತ್ತೆಯನ್ನು ನೋಡಿ ಮಾರುಹೋಗಬಾರದು. ಪೀಠವನ್ನು ಕೈಯಿಂದ ಅಲುಗಿಸಿ ನೋಡಲಿ, ತೇಲುವ ಅಂಗಿ ಪ್ರತಿಯೊಬ್ಬರಿಗೂ ಉಂಟೇ ಎಂದು ಕೇಳಲಿ, ಜನ ಹೆಚ್ಚಾದರೆ ಮುಂದಿನ ಸರದಿಗೆ ಕಾಯಲಿ. ದಡದಲ್ಲಿ ಕಳೆದ ಅರ್ಧ ಗಂಟೆಯು ನಷ್ಟವಲ್ಲ.