ಪಂಪು ಹಿಡಿದವರ ಸರ್ಟಿಫಿಕೇಟು

ಡೊಂಬಿವಲಿಯ ಕನ್ನಡ ಕಾರ್ಯಕ್ರಮಗಳಲ್ಲಿ ಹೊಸಬರು ಯಾರಾದರೂ ಪರಿಚಯವಾಗಿ "ಏನು ಕೆಲಸ?" ಎಂದು ಕೇಳಿದರೆ "ಪೆಸ್ಟ್ ಕಂಟ್ರೋಲ್" ಎನ್ನುತ್ತೇನೆ. ಮುಂದಿನ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಜಿರಳೆ ಔಷಧಿ ಹೊಡೆಯೋಕೂ ಬಿ.ಎಸ್ಸಿ. ಬೇಕೇನ್ರೀ?"

ಬೇಕು. 1971ರ ಕೀಟನಾಶಕ ನಿಯಮಗಳ ಪ್ರಕಾರ, ಹಣ ಪಡೆದು ಇನ್ನೊಬ್ಬರ ಮನೆಗೋ ಗೋದಾಮಿಗೋ ಔಷಧಿ ಹೊಡೆಯುವವರು ಪರವಾನಗಿ ಪಡೆಯಬೇಕು. ಅದಕ್ಕೆ ಕೃಷಿ ಪದವಿ ಅಥವಾ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಇರಬೇಕು, ಜತೆಗೆ ಕನಿಷ್ಠ 15 ದಿನದ ತರಬೇತಿಯ ಸರ್ಟಿಫಿಕೇಟು. ತರಬೇತಿ ಕೊಡಲು ನಿಯಮ ಹೆಸರಿಸಿದ ಸಂಸ್ಥೆಗಳು ಹಾಪುಡ, ಹೈದರಾಬಾದು ಮತ್ತು ನಮ್ಮ ಮೈಸೂರಿನವು. ಪರವಾನಗಿ ಕೊಡುವುದು ಕೃಷಿ ಇಲಾಖೆ. ಏಳನೇ ಮಹಡಿಯ ಅಡುಗೆಮನೆಯ ಜಿರಳೆಯೂ ಅವರ ಲೆಕ್ಕಕ್ಕೇ ಸೇರುತ್ತದೆ.

ನಾನು ಗದಗಿನವಳು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ತರಬೇತಿ ಪಡೆದೆ. ಹಳೆಯ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಆ ಸಂಸ್ಥೆಯನ್ನು ಜನ ಆಹಾರ ಸಂಶೋಧನೆಗೆಂದೇ ಬಲ್ಲರು. ಆದರೆ ಕಾಳು ಕೂಡಿಟ್ಟ ಕಡೆ ಹುಳ ಬರುತ್ತದೆ, ಹುಳ ಬಂದ ಕಡೆ ವಿಷ ಬರುತ್ತದೆ. ಆ ವಿಷವನ್ನು ಅಳೆಯುವುದು, ಬೆರೆಸುವುದು, ಮುಗಿದ ಮೇಲೆ ಗಾಳಿ ಆಡಿಸುವುದು, ಇವೇ ಅಲ್ಲಿಯ ಪಾಠ. ಈಗ ದಿನಾ ಡೊಂಬಿವಲಿಯಿಂದ ಲೋಕಲ್ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ ತುರ್ಭೆಯ ಆಫೀಸಿಗೆ ಹೋಗುತ್ತೇನೆ. ನಮ್ಮ ಕಂಪನಿಯ ಪರವಾನಗಿಗೆ ಆಧಾರವಾಗಿರುವುದು ನನ್ನ ಪದವಿ ಮತ್ತು ಆ ಸರ್ಟಿಫಿಕೇಟು.

ಈ ಕಾನೂನು ಸುಮ್ಮನೆ ಬಂದದ್ದಲ್ಲ. 1958ರಲ್ಲಿ ಕೇರಳದಲ್ಲಿ ಗೋದಿಹಿಟ್ಟು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಸಾಗಣೆಯಲ್ಲಿ ಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿ ಸೇರಿತ್ತು. ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಜೆ.ಸಿ. ಶಾ ಅವರ ವಿಚಾರಣಾ ಆಯೋಗ ರಚನೆಯಾಯಿತು. ಕೀಟನಾಶಕ ಕಾಯ್ದೆ ಬರುವ ಹೊತ್ತಿಗೆ 1968 ಆಗಿತ್ತು.

ಈಗ ನಿಮ್ಮ ಮನೆಗೆ ಬರುವ ಹುಡುಗನ ವಿಷಯಕ್ಕೆ ಬರೋಣ. ಪಂಪು ಹೊತ್ತು ಕಲ್ಯಾಣದ ಚಾಳಿಗೂ ಖಾರಘರದ ಟವರಿಗೂ ಹೋಗುವವಳು ನಾನಲ್ಲ. ನಮ್ಮಲ್ಲಿ ಆ ಕೆಲಸ ಮಾಡುವ ಹುಡುಗರಲ್ಲಿ ಅರ್ಧಕ್ಕರ್ಧ ಸಿಂದಗಿ, ಯಾದಗಿರಿ ಕಡೆಯವರು. ಕಳೆದ ವರ್ಷ ಸೇರಿದ ಒಬ್ಬ ಬಾಟಲಿಯ ಜತೆ ಬಂದ ಮಡಿಕೆ ಕಾಗದವನ್ನು ಬಿಡಿಸಿ, ತಿರುಗಿಸಿ ನೋಡಿ ಕೇಳಿದ: "ಅಕ್ಕಾರ, ಇಂಗ್ಲಿಷ್ ಐತಿ, ಹಿಂದಿ ಐತಿ, ಮರಾಠಿ ಐತಿ. ನಮ್ದು ಎಲ್ಲೈತ್ರಿ?"

"ಇಲ್ಲಪ್ಪ. ಮೊದ್ಲ ಬಾಟ್ಲಿ ಮ್ಯಾಲಿನ ಬಣ್ಣ ನೋಡು" ಎಂದೆ. ಕೆಂಪು, ಹಳದಿ, ನೀಲಿ, ಹಸಿರು: ವಿಷದ ತೀವ್ರತೆ ಈ ಕ್ರಮದಲ್ಲಿ ಇಳಿಯುತ್ತದೆ. ಓದು ಬಾರದವನಿಗೂ ತಿಳಿಯಲೆಂದೇ ಆ ಗುರುತು. ಆದರೆ ಎಷ್ಟು ಲೀಟರ್ ನೀರಿಗೆ ಎಷ್ಟು ಬೆರೆಸಬೇಕು, ಕಣ್ಣಿಗೆ ಸಿಡಿದರೆ ಏನು ಮಾಡಬೇಕು ಎಂಬುದನ್ನು ಬಣ್ಣ ಹೇಳುವುದಿಲ್ಲ. ಅದಿರುವುದು ಆ ಕಾಗದದಲ್ಲಿ. ಕಾಗದದ ಭಾಷೆ ಇಲ್ಲಿಯದು, ಹುಡುಗ ಅಲ್ಲಿಯವನು.

ನಿಯಮಗಳಲ್ಲಿ ನನಗೆ ಕಾಣುವ ತೂತು ಇದೇ. ನನ್ನಂಥವಳಿಗೆ 15 ದಿನ ಎಂದು ಎಣಿಸಿ ಹೇಳಿದೆ. ಕೆಲಸಗಾರರಿಗೆ ಮಾಲೀಕ "ಸೂಕ್ತ" ತರಬೇತಿ ಕೊಡಬೇಕು ಎಂದಷ್ಟೇ ಇದೆ. ಸೂಕ್ತ ಎಂದರೆ ಎರಡು ವಾರವೂ ಆದೀತು, ಬೈಕಿನ ಹಿಂದೆ ಕೂತು ಕೇಳಿಸಿಕೊಂಡ ಹತ್ತು ನಿಮಿಷವೂ ಆದೀತು. ಯುರೋಪಿನ ದೇಶಗಳಲ್ಲಿ 2009ರ ನಿರ್ದೇಶನದ ನಂತರ ವೃತ್ತಿಯಾಗಿ ಸಿಂಪಡಿಸುವವನೇ ತರಬೇತಿ ಪಡೆದು ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಹೊಲದಲ್ಲಿ ಹೊಡೆಯುವ ನಮ್ಮ ಕೂಲಿಯವರಿಗಂತೂ ಅಂಥ ಯಾವ ಕಾಗದವೂ ಇಲ್ಲ. 2017ರಲ್ಲಿ ಇದೇ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು.

ಗಿರಾಕಿಗಳ ಒತ್ತಾಯ ಬೇರೆ. ಏರೋಲಿ, ಘನಸೋಲಿಯ ಪಿಜಿಗಳಲ್ಲಿ ತಿಗಣೆ ಕಾಟ ನಿಮಗೆ ಗೊತ್ತೇ ಇದೆ. "ವಾಸನೆಯೇ ಬರಲಿಲ್ಲ, ಇದೆಂಥ ಔಷಧಿ?" ಎಂದು ಜಗಳಕ್ಕೆ ಬರುತ್ತಾರೆ. ಅವರು ನೆನೆಯುವ ಗಾಟು ಹೆಚ್ಚಾಗಿ ಡಿಡಿವಿಪಿಯದು, ಅಂದರೆ ಡೈಕ್ಲೋರ್‌ವಾಸ್. 2020ರ ಡಿಸೆಂಬರ್ 31ರಿಂದ ಅದಕ್ಕೆ ದೇಶದಲ್ಲಿ ನಿಷೇಧವಿದೆ. ಇನ್ನು ಕೆಲವರು ಜೋಳದ ಚೀಲಕ್ಕೆ ಇಡುವ ಗುಳಿಗೆ ಕೊಡಿ ಎನ್ನುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್, ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. ವಾಶಿಯ ಎಪಿಎಂಸಿಯಂಥ ಕಡೆ ಮೂಟೆಗಳಿಗೆ ಗಾಳಿಯಾಡದ ಹೊದಿಕೆ ಹೊದಿಸಿ, ಬಲ್ಲವರ ಉಸ್ತುವಾರಿಯಲ್ಲಿ ಬಳಸುವ ವಸ್ತು. ಫ್ಲ್ಯಾಟಿನಲ್ಲಿಟ್ಟರೆ ಗೋಡೆಯ ಬಿರುಕಿನಿಂದ ಪಕ್ಕದ ಮನೆಯ ಮಕ್ಕಳನ್ನು ತಲುಪುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ. ಹೊಡೆಯುವ ಔಷಧಿಯೂ ಹುಡುಗಾಟದ್ದಲ್ಲ. 2023ರಲ್ಲಿ ಬೆಂಗಳೂರಿನ ವಸಂತನಗರದಲ್ಲಿ, ಕೀಟನಾಶಕ ಹೊಡೆಸಿದ್ದ ಬಾಡಿಗೆ ಮನೆಗೆ ಮರಳಿದ ಕುಟುಂಬದ ಎಂಟು ವರ್ಷದ ಹುಡುಗಿ ತೀರಿಕೊಂಡಳು.

ನಮ್ಮ ಮಾಲೀಕರಿಗೆ ನಾನು ಹೇಳಿದ್ದು ಇಷ್ಟೇ: ಹೊಸ ಹುಡುಗ ಒಂದು ವಾರ ನನ್ನ ಹತ್ತಿರ ಕಲಿಯದೆ ಒಬ್ಬನೇ ಮನೆಗಳಿಗೆ ಹೋದರೆ ಅವನ ಜಾಬ್ ಶೀಟಿಗೆ ನಾನು ಸಹಿ ಹಾಕುವುದಿಲ್ಲ. ಸಂಬಳ ಕೊಟ್ಟು ವಾರವಿಡೀ ಕೂರಿಸಲು ಅವರು ಒಪ್ಪಲಿಲ್ಲ. "ಅಷ್ಟು ಬಿಗಿ ಮಾಡಿದರೆ ಬೇರೆ ಸರ್ಟಿಫಿಕೇಟಿನವರು ಸಿಗುತ್ತಾರೆ ಮೇಡಂ" ಎಂಬ ಮಾತೂ ಬಂತು. ಕೊನೆಗೆ ಮೂರು ದಿನಕ್ಕೆ ಇತ್ಯರ್ಥವಾಯಿತು. ಆ ಮೂರು ದಿನ ಪಾಠ ಕನ್ನಡದಲ್ಲಿ ನಡೆಯುತ್ತದೆ. ಬಿಹಾರದ ಇಬ್ಬರಿಗಾಗಿ ಹಿಂದಿಯಲ್ಲಿ ಮತ್ತೊಮ್ಮೆ. ಬಳಸುವ ಐದಾರು ಔಷಧಿಗಳ ಪ್ರಮಾಣ, ಪ್ರಥಮ ಚಿಕಿತ್ಸೆ, ಕೈಗವಸು, ಮಾಸ್ಕು, ಎಲ್ಲವನ್ನೂ ಎರಡು ಪುಟ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇನೆ. ಸರಕಾರದ ಸೀಲು ಅದಕ್ಕಿಲ್ಲ.

ನಿಮ್ಮ ಸೊಸೈಟಿಯಲ್ಲಿ ಕೊಟೇಶನ್ ತರಿಸುವಾಗ ದರದ ಜತೆ ಪರವಾನಗಿಯ ಪ್ರತಿಯನ್ನೂ ಕೇಳಿ, ಅವಧಿ ನೋಡಿ. ಹುಡುಗ ಬಾಗಿಲಿಗೆ ಬಂದಾಗ ಬಾಟಲಿ ತೋರಿಸು ಎನ್ನಿ: ಹೆಸರೇನು, ತ್ರಿಕೋನದ ಬಣ್ಣ ಯಾವುದು, ಎಷ್ಟು ಹೊತ್ತು ಹೊರಗಿರಬೇಕು. ಲೇಬಲ್ ಇಲ್ಲದ ಕೋಲಾ ಬಾಟಲಿ ತೋರಿಸಿದರೆ ಒಳಗೆ ಬಿಡಬೇಡಿ. ಅವನು ನಮ್ಮ ಕಡೆಯವನಾಗಿದ್ದರೆ ಕನ್ನಡದಲ್ಲೇ ಕೇಳಿ. ಯಾರು ಕಲಿಸಿದರು, ಎಷ್ಟು ದಿನ ಕಲಿಸಿದರು ಎಂಬುದನ್ನೂ ವಿಚಾರಿಸಿ, ಮಾಸ್ಕು ಕೊಟ್ಟಿದ್ದಾರೆಯೇ ನೋಡಿ. ನೀವು ಆ ಔಷಧಿಯ ಗಾಳಿಯಲ್ಲಿರುವುದು ವರ್ಷಕ್ಕೆ ಒಂದೆರಡು ದಿನ, ಅವನು ದಿನಾ ಎಂಟು ಮನೆಗಳಲ್ಲಿ.