ಕಾಲುವಿನ ಕಾಲುನಡಿಗೆ

ನಮ್ಮ ನಾಯಿಯ ನಿಜವಾದ ಹೆಸರು ಕಾಳಿ. ಇಟ್ಟವಳು ನನ್ನ ಹೆಂಡತಿ, ಮದ್ದೂರಿನವಳು. ಅವಳ ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿ ಬರುತ್ತದೆ. ಏನು ಬೇಕು ಕೇಳು ಎಂದ ರಾಜನ ಹತ್ತಿರ ಮಣಲೇರ ಎಂಬ ವೀರ ಕೇಳಿ ಪಡೆದ ನಾಯಿ ಅದು. ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಅದಕ್ಕೊಂದು ಕಲ್ಲು ನಿಲ್ಲಿಸಿದರು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ. ಹೆಸರೇನೋ ಚೆನ್ನಾಗಿಯೇ ಇತ್ತು. ಆದರೆ ನಾವಿದ್ದದ್ದು ಕಾಳೀಘಾಟಿಗೆ ಹತ್ತು ನಿಮಿಷದ ದೂರದ ಲೇಕ್ ಮಾರ್ಕೆಟ್ಟಿನಲ್ಲಿ. ಬೀದಿಯಲ್ಲಿ ನಿಂತು 'ಕಾಳೀ, ಕಸಕ್ಕೆ ಬಾಯಿ ಹಾಕಬೇಡ' ಎಂದು ಕೂಗಿದರೆ ಏನಾದೀತು ಯೋಚಿಸಿ. ಹಾಗಾಗಿ ಪಕ್ಕದ ಮನೆಯವರೇ ಅವನನ್ನು ಕಾಲು ಮಾಡಿದರು. ಬಂಗಾಳದಲ್ಲಿ ಪ್ರತಿ ಪಾಡಾದಲ್ಲೂ ಒಬ್ಬ ಕಾಲು, ಒಬ್ಬ ಲಾಲು, ಒಬ್ಬ ಭುಲು ಇದ್ದೇ ಇರುತ್ತಾರೆ. ಕನ್ನಡದಲ್ಲಿ ಆ ಹೆಸರಿಗೆ ಬೇರೆ ಅರ್ಥವಿದೆ ಎಂಬುದು ನನಗೆ ಆಮೇಲೆ ನಾಟಿತು.

ಕಳೆದ ವರ್ಷಾಂತ್ಯದಲ್ಲಿ ಬ್ಯಾಂಕಿನಿಂದ ವರ್ಗದ ಆದೇಶ ಬಂತು. ಏಪ್ರಿಲ್‌ಗೆ ಬೆಂಗಳೂರು. ಹನ್ನೊಂದು ವರ್ಷ ಕೋಲ್ಕತ್ತದಲ್ಲಿದ್ದು ಗಂಗೆಯನ್ನು ಸೇತುವೆಯ ಮೇಲಿಂದ ಬಿಟ್ಟರೆ ಸರಿಯಾಗಿ ನೋಡಿರಲಿಲ್ಲ. ಮೂರು ವಾರ ರಜೆ ಬಾಕಿ ಇತ್ತು. ಹೂಗ್ಲಿಯ ಪಶ್ಚಿಮ ದಡ ಹಿಡಿದು ಮುರ್ಷಿದಾಬಾದಿನವರೆಗೆ ನಡೆಯುವುದು ಎಂದು ತೀರ್ಮಾನಿಸಿದೆ, ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಾಲು ಜೊತೆಗೆ ಬರುವುದು ಎಂದೂ ಆಯಿತು. ಅದಕ್ಕೆ ಇನ್ನೊಂದು ಕಾರಣವಿತ್ತು. ಬೀದಿಯಲ್ಲಿ ಹುಟ್ಟಿ ನಾಲ್ಕು ವರ್ಷ ಅರ್ಧ ನಮ್ಮ ಮನೆಯಲ್ಲಿ, ಅರ್ಧ ತನ್ನ ಬಳಗದ ಜೊತೆ ಬೆಳೆದವನು ಅವನು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕರೆದೊಯ್ಯಬೇಕೋ, ಅವನ ಬೀದಿಯಲ್ಲೇ ಬಿಡಬೇಕೋ ಎಂದು ಮನೆಯಲ್ಲಿ ದಿನಾ ವಾದ. ಬಳಗ ಬಿಟ್ಟು ನನ್ನೊಬ್ಬನ ಜೊತೆ ಇರಬಲ್ಲನೇ, ನೋಡಿಯೇಬಿಡೋಣ ಎನ್ನಿಸಿತ್ತು.

ಜನವರಿಯ ಒಂದು ಬೆಳಿಗ್ಗೆ ಐದಕ್ಕೆ ಹೊರಟೆವು. ಬೆನ್ನಿನ ಚೀಲ ಒಂಬತ್ತು ಕಿಲೋ, ಅದರಲ್ಲಿ ಅವನ ಊಟ, ನೀರಿನ ತಟ್ಟೆ, ರೇಬೀಸ್ ಲಸಿಕೆಯ ಕಾರ್ಡು. ಮೈದಾನ ದಾಟಿ ಸ್ಟ್ರಾಂಡ್ ರಸ್ತೆಗೆ ಬರುವವರೆಗೆ ಹುಮ್ಮಸ್ಸೋ ಹುಮ್ಮಸ್ಸು. ಹೌರಾ ಸೇತುವೆಯ ಪಾದಚಾರಿ ದಾರಿ ಹತ್ತಿದ್ದೇ ತಡ, ಕಾಲು ಕುಳಿತುಬಿಟ್ಟ. 1943ರಿಂದ ನಿಂತಿರುವ ಆ ಸೇತುವೆ ಬಸ್ಸು ಹೋದಾಗಲೆಲ್ಲ ನಡುಗುತ್ತದೆ. ನಮ್ಮ ಚಪ್ಪಲಿಗೆ ತಿಳಿಯದ್ದು ಅವನ ಅಂಗಾಲಿಗೆ ತಿಳಿಯುತ್ತದೆ. ಎಳೆದೆ, ಬಿಸ್ಕತ್ತು ತೋರಿಸಿದೆ, ಬೈದೆ. ಕೆಳಗಿನ ಮಲ್ಲಿಕ್ ಘಾಟಿನ ಹೂವಿನ ಸಂತೆಯಿಂದ ಚೆಂಡುಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಕೂಲಿಯವನು ನಗುತ್ತಾ, 'ನನ್ನ ಹಿಂದೆ ಬಿಡಿ ದಾದಾ' ಎಂದ. ಅಷ್ಟೇ. ಮುಂದೆ ಒಬ್ಬ ನಡೆಯುತ್ತಿದ್ದಾನೆ ಎಂಬ ಧೈರ್ಯ ಸಿಕ್ಕಿತೋ ಏನೋ, ಬುಟ್ಟಿಯ ನೆರಳಿನಲ್ಲೇ ಸೇತುವೆ ದಾಟಿದ.

ಆಚೆ ದಡದ ಜಿ.ಟಿ. ರಸ್ತೆಯಲ್ಲಿ ಕಷ್ಟ ಬೇರೆ. ಪ್ರತಿ ಪಾಡಾಕ್ಕೂ ಅದರದೇ ನಾಯಿಗಳು. ಗಡಿ ಮುಟ್ಟಿದ ಕೂಡಲೇ ಐದಾರು ಎದುರಾಗುತ್ತವೆ, ಬೊಗಳುತ್ತಾ ಮುಂದಿನ ಗಡಿಯವರೆಗೆ ತಲುಪಿಸುತ್ತವೆ, ಅಲ್ಲಿ ಮತ್ತೊಂದು ತಂಡ. ಓಡಬಾರದು, ಹಗ್ಗ ಬಿಗಿ ಮಾಡಬಾರದು, ಅವನನ್ನು ಗೋಡೆಯ ಕಡೆಗಿಟ್ಟು ನಾನು ನಡುವೆ ನಡೆಯಬೇಕು. ತೀರಾ ಮೇಲೆ ಬಂದರೆ ಕಲ್ಲೆತ್ತಿಕೊಳ್ಳುವವನ ಹಾಗೆ ಬಗ್ಗಿದರೆ ಸಾಕು. ಇದನ್ನೆಲ್ಲ ಕಲಿಸಿದವರು ಚಹಾದಂಗಡಿಯವರು. ಬೇಲೂರು ಬಂತು ಎಂದಾಗ ಹಾಸನದವನಾದ ನನಗೆ ಒಂದು ಕ್ಷಣ ಮನೆಗೇ ಬಂದಂತಾಯಿತು! ಇಲ್ಲಿರುವುದು ರಾಮಕೃಷ್ಣ ಮಠ. ನಾಯಿ ಹಿಡಿದುಕೊಂಡು ಒಳಗೆ ಹೋಗುವ ಮಾತಿಲ್ಲ, ಹೊರಗಿನಿಂದಲೇ ಕೈಮುಗಿದು ಮುಂದೆ ಹೋದೆ. ಆ ರಾತ್ರಿ ಬಾಲಿಯಲ್ಲಿ ಮೂರು ಲಾಡ್ಜಿನವರು ನಾಯಿಯನ್ನು ನೋಡಿ ತಲೆಯಾಡಿಸಿದರು. ನಾಲ್ಕನೆಯವನು ಎರಡು ಪಟ್ಟು ಬಾಡಿಗೆ ತೆಗೆದುಕೊಂಡ.

ಎರಡನೇ ದಿನ ಉತ್ತರಪಾಡಾದ ಜಯಕೃಷ್ಣ ಗ್ರಂಥಾಲಯ ನೋಡಿದೆ. 1859ರಲ್ಲಿ ಊರಿನ ಜಮೀನ್ದಾರ ಜನರಿಗಾಗಿ ತೆರೆದ ಪುಸ್ತಕಮನೆ, ನದಿಗೆ ಮುಖ ಮಾಡಿ ದೊಡ್ಡ ಕಂಬಗಳ ಹಿಂದೆ ಕುಳಿತಿದೆ. ಅಲ್ಲಿ ಬಹಳ ಹೊತ್ತು ಕಳೆದದ್ದರಿಂದ ಮಧ್ಯಾಹ್ನ ಆತುರ ಹತ್ತಿತು. ಈಗ ಹೇಳಲು ಕಷ್ಟವಾಗುವ ಮಾತು ಬಂತು. ಕೋನ್ನಗರದ ಘಾಟಿನಲ್ಲಿ ನೀರು ಕೊಟ್ಟಾಗ ಕಾಲು ಕುಡಿಯುವುದು ಬಿಟ್ಟು ಮುಂಗಾಲನ್ನು ನೆಕ್ಕುತ್ತಿದ್ದ. ನಾನು ನೋಡಿದೆ. ತುರಿಕೆ ಇರಬೇಕು ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳಲು ಬಯಸಿದೆನೋ! ಮೊಬೈಲಿನಲ್ಲಿ ಆ ದಿನದ ಲೆಕ್ಕ ಒಂಬತ್ತು ಕಿಲೋಮೀಟರ್ ಇತ್ತು, ಹದಿನೈದು ಆಗಬೇಕಿತ್ತು. ಕುಂಟುತ್ತಿದ್ದಾನೆಯೇ ಎಂದು ಒಮ್ಮೆ ಅನುಮಾನ ಬಂದಾಗ ನಾನು ಮುಂದೆ ನಡೆದೆ, ಹಿಂದೆ ನೋಡದಿರಲು. ರಿಷ್ರಾದಲ್ಲಿ, 1855ರಲ್ಲಿ ದೇಶದ ಮೊದಲ ಸೆಣಬಿನ ಗಿರಣಿ ಶುರುವಾದ ಊರಿನಲ್ಲಿ, ಘಾಟಿನ ಸಿಮೆಂಟು ಮೆಟ್ಟಿಲ ಮೇಲೆ ಅವನು ನಡೆದುಬಂದ ಕಡೆಯೆಲ್ಲ ಸಣ್ಣ ಕೆಂಪು ಹೂವಿನಂಥ ಗುರುತು ಕಂಡಿತು. ಎರಡೂ ಮುಂಗಾಲುಗಳ ಅಂಗಾಲಿನ ಚರ್ಮ ಸವೆದು ಕಿತ್ತುಬಂದಿತ್ತು. ಅಷ್ಟು ದೂರ ಅವನು ಒಂದು ಸಲವೂ ಕುಳಿತಿರಲಿಲ್ಲ. ಸೇತುವೆಗೆ ಹೆದರಿ ಕುಳಿತವನು ನೋವಿಗೆ ಕುಳಿತಿರಲಿಲ್ಲ.

ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯಲ್ಲಿ ಹೌರಾ ತಲುಪಬಹುದಿತ್ತು. ಆದರೆ ನಾಯಿಯನ್ನು ಲೋಕಲ್‌ಗೆ ಹತ್ತಿಸುವಂತಿಲ್ಲ. ರೈಲ್ವೆಯಲ್ಲಿ ನಾಯಿಗೆ ಇರುವುದು ದೂರದ ಗಾಡಿಗಳ ಎ.ಸಿ. ಫಸ್ಟ್ ಕ್ಲಾಸಿನ ಪೂರ್ತಿ ಕೂಪೆ, ಇಲ್ಲವೇ ಬ್ರೇಕ್ ವ್ಯಾನಿನ ಪೆಟ್ಟಿಗೆ. ಚೀಲವನ್ನು ಎದೆಗೆ ಕಟ್ಟಿ, ಹದಿನಾರು ಕಿಲೋದವನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಬಂದೆ. ಒಬ್ಬ ಟೋಟೋದವನು ಸೆರಾಂಪುರದ ಪಶುವೈದ್ಯರ ಹತ್ತಿರ ಬಿಟ್ಟ. ಉಪ್ಪುನೀರಿನಲ್ಲಿ ತೊಳೆದು ಪಟ್ಟಿ ಕಟ್ಟಿದ ವೈದ್ಯರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. 'ಮನೆಯ ನೆಲದ ಮೇಲೆ ಮಲಗಿದ ಅಂಗಾಲು, ಡಾಂಬರಿಗೆ ಗಟ್ಟಿಯಾಗಲು ವಾರಗಳು ಬೇಕು. ದಿನಕ್ಕೆ ಎರಡು ಮೂರು ಕಿಲೋಮೀಟರಿನಿಂದ ಶುರು ಮಾಡಬೇಕಿತ್ತು' ಎಂದರು. ಆರು ತಿಂಗಳು ನಾನು ಬೂಟು ಪಳಗಿಸಿಕೊಂಡಿದ್ದೆ. ಅವನ ಕಾಲು ಯಾರೂ ಯೋಚಿಸಿರಲಿಲ್ಲ.

ರಾತ್ರಿ ಹೆಂಡತಿಗೆ ಫೋನ್ ಮಾಡಿದೆ. 'ಕಾರು ಮಾಡಿಕೊಂಡು ಬಂದುಬಿಡ್ರೀ' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಬೇಡ. ಬಂದ್ರೆ ಅವನು ಸೀದಾ ಬೀದಿಗೆ ಓಡ್ತಾನೆ, ಪಟ್ಟಿ ಕಿತ್ತು ಬಿಸಾಕ್ತಾನೆ. ಅಲ್ಲೇ ಇರಿ' ಎಂದಳು.

ಅಲ್ಲೇ ಇದ್ದೆವು. ಘಾಟಿನ ಹತ್ತಿರ ಒಬ್ಬ ವಿಧವೆ ಅಜ್ಜಿ ಕೆಳಗಿನ ಕೋಣೆ ಕೊಟ್ಟರು. ಊರಿಗೆಲ್ಲ ಅವರು ಮಾಶಿಮಾ. ಮೊದಲ ದಿನ 'ಕುಕ್ಕುರ್ ಅಂಗಳ ದಾಟಬಾರದು' ಎಂದರು. ಮೂರನೇ ದಿನ ಅಂಗಳದಲ್ಲಿ ಕುಳಿತು ಮೀನಿನ ಮುಳ್ಳು ಬಿಡಿಸಿ ಅನ್ನ ಕಲಸಿ ಕೊಡುತ್ತಿದ್ದರು. ನನಗೆ ಹೊತ್ತು ಹೋಗಬೇಕಲ್ಲ, ಊರು ಸುತ್ತಿದೆ. 1755ರಿಂದ 1845ರವರೆಗೆ ಇದು ಡೆನ್ಮಾರ್ಕಿನವರ ಊರು. ಅವರ ಸಂತ ಓಲಾವ್ ಚರ್ಚು ಇನ್ನೂ ಇದೆ. ಆದರೆ ನಮ್ಮವರಿಗೆ ಹೇಳಬೇಕಾದ್ದು ಬೇರೆ. ಇಲ್ಲಿನ ಮಿಷನ್ ಪ್ರೆಸ್ಸಿನಲ್ಲಿ 1817ರಲ್ಲಿ ವಿಲಿಯಂ ಕ್ಯಾರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಕ್ಯಾರಿ ನಮ್ಮ ಕಡೆ ಬಂದವನಲ್ಲ. ಪಂಡಿತರನ್ನು ಕೂರಿಸಿಕೊಂಡು ಗಂಗೆಯ ದಡದಲ್ಲೇ ಕನ್ನಡ ಕಲಿತ. 1812ರ ಮಾರ್ಚಿನಲ್ಲಿ ಪ್ರೆಸ್ಸಿಗೆ ಬೆಂಕಿ ಬಿದ್ದು ಅಚ್ಚುಮೊಳೆಗಳು ಕರಗಿದವು, ಅವನ ಎಷ್ಟೋ ಹಸ್ತಪ್ರತಿಗಳು ಸುಟ್ಟುಹೋದವು. ಮತ್ತೆ ಮೊದಲಿನಿಂದ ಕುಳಿತ. ಅವರು 1818ರಲ್ಲಿ ಕಟ್ಟಿದ ಕಾಲೇಜಿನ ಗೇಟಿನ ಮುಂದೆ ನಿಂತು, ಹನ್ನೊಂದು ವರ್ಷ ಇಲ್ಲಿಂದ ಇಪ್ಪತ್ತೆಂಟು ಕಿಲೋಮೀಟರ್ ದೂರದಲ್ಲಿದ್ದೂ ಇದು ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಯೋಜನೆಯ ಪ್ರಕಾರ ನಾನು ಈ ಊರನ್ನು ಒಂದು ಚಹಾ ಕುಡಿದು ದಾಟಬೇಕಿತ್ತು.

ಐದನೇ ದಿನ ಚಪ್ಪಲಿ ಹೊಲಿಯುವವನೊಬ್ಬ ಮೆತ್ತನೆ ಚರ್ಮದಲ್ಲಿ ನಾಲ್ಕು ಬೂಟು ಹೊಲಿದುಕೊಟ್ಟ, ದುಡ್ಡು ಕಡಿಮೆಯೇ ತೆಗೆದುಕೊಂಡ. ಅದನ್ನು ಹಾಕಿಕೊಂಡು ಕಾಲು ಬಿಸಿ ಹೆಂಚಿನ ಮೇಲೆ ನಿಂತವನಂತೆ ಒಂದೊಂದೇ ಕಾಲೆತ್ತಿ ನಾಲ್ಕು ಹೆಜ್ಜೆ ನಡೆದ. ಮಾಶಿಮಾ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದರು. ಬೆಳಗಾಗುವುದರಲ್ಲಿ ಎರಡು ಬೂಟು ಕಾಣೆ, ಮೂರನೆಯದು ತುಂಡು ತುಂಡು.

ಹತ್ತನೇ ದಿನ ವೈದ್ಯರು ಪಟ್ಟಿ ಬಿಚ್ಚಿದರು. ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬಂದು, ಅಂಚು ಕಪ್ಪಾಗತೊಡಗಿತ್ತು. ಮುರ್ಷಿದಾಬಾದಿನ ಮಾತು ಬಿಟ್ಟೆ. ಉಳಿದ ರಜೆಯಲ್ಲಿ ಚಂದನನಗರ ಸಿಕ್ಕರೆ ಸಿಕ್ಕಿತು. ಮಾರನೆಯ ಬೆಳಿಗ್ಗೆ ಮಂಜು ಇತ್ತು. ಮಾಶಿಮಾ ಬಾಗಿಲಲ್ಲಿ ನಿಂತು, 'ನಿಧಾನ ಬಾಬಾ, ಅವನ ಹಿಂದೆ ಹೋಗು' ಎಂದರು. ಹಗ್ಗ ಸಡಿಲ ಬಿಟ್ಟೆ. ಅವನು ಡಾಂಬರು ಬಿಟ್ಟು ಪಕ್ಕದ ಮಣ್ಣಿನ ಅಂಚು ಹಿಡಿದ, ಮೂಸಿದ, ನಿಂತ, ಮತ್ತೆ ನಡೆದ. ಮೂರು ಕಿಲೋಮೀಟರಿಗೆ ಎರಡು ಗಂಟೆ. ಶೇವಡಾಫುಲಿಯ ಘಾಟಿನಲ್ಲಿ ಕೂರಿಸಿ ಒಂದೊಂದೇ ಪಾದ ತಿರುಗಿಸಿ ನೋಡಿದೆ. ಒಣಗಿತ್ತು. ಅಷ್ಟಕ್ಕೇ ಆ ದಿನದ ನಡಿಗೆ ನಿಲ್ಲಿಸಿ, ದೋಣಿ ಬರುವುದನ್ನು ಇಬ್ಬರೂ ನೋಡುತ್ತಾ ಕುಳಿತೆವು.